ಕೋಳಿಗೂಡಿನ ಚಳಿಗಾಲದ ರಿಪೇರಿ: ತೇವದ ಬೆನ್ನು ಹತ್ತಿ

ಗೂಡು ನಾನು ಕಟ್ಟಿದ್ದಲ್ಲ, ಮನೆಯ ಜೊತೆಗೇ ಬಂತು. ಎಂಟು ಅಡಿ ಉದ್ದ, ಆರು ಅಡಿ ಅಗಲ. ಮರದ ಗೋಡೆ, ಹಲಗೆಯ ಮೇಲೆ ತಗಡಿನ ಚಾವಣಿ, ಕೆಳಗೆ ಗಿಡ್ಡ ಕಂಬಗಳು. ಒಳಗೆ ಏಳು ಹೇಟೆ, ಒಂದು ಹುಂಜ. ಮೊದಲು ಇದ್ದವರು ಚಳಿಗೆ ಚೆನ್ನಾಗಿಯೇ ಹೆದರಿದ್ದರು ಅಂತ ಕಾಣುತ್ತದೆ. ಗಾಳಿ ನುಸುಳಬಹುದಾದ ಕಡೆಯೆಲ್ಲ ಫೋಮ್, ಹಳೇ ಬಟ್ಟೆ ತುರುಕಿದ್ದರು. ಕಿಟಕಿಗೆ ಪ್ಲಾಸ್ಟಿಕ್ ಹೊಡೆದಿದ್ದರು. ನಡುವೆ ಸರಪಳಿಗೆ ತೂಗುಹಾಕಿದ 250 ವ್ಯಾಟ್‌ನ ಕೆಂಪು ಹೀಟ್ ಲ್ಯಾಂಪ್.

ಚಳಿಗಾಲ ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೊರಗೆ ಮೈನಸ್ 8 ಡಿಗ್ರಿ. ಬೆಳಿಗ್ಗೆ ಟಾರ್ಚ್ ಹಿಡಿದು ಚಾವಣಿಯ ಒಳಮೈ ನೋಡಿದೆ. ತಗಡಿಗೆ ಹೊಡೆದ ಮೊಳೆಗಳ ತುದಿ ಹಲಗೆ ದಾಟಿ ಒಳಗೆ ಇಣುಕುತ್ತವೆ. ಒಂದೊಂದು ತುದಿಯಲ್ಲೂ ಮಲ್ಲಿಗೆ ಮೊಗ್ಗಿನಷ್ಟು ಹಿಮ ಕೂತಿತ್ತು. ಬಿಸಿಲೇರಿದ ಮೇಲೆ ಅದೆಲ್ಲ ಕರಗಿ, ಕೋಳಿ ಕೂರುವ ಕೋಲಿನ ಮೇಲೆ, ನೆಲದ ಹಾಸಿನ ಮೇಲೆ ತೊಟ್ಟಿಕ್ಕತೊಡಗಿತು. ಗೋಡೆ ಒದ್ದೆ, ಹಾಸು ಒದ್ದೆ. ಮಂಡಿಯೂರಿ ಕೋಳಿಯ ಮೂಗಿನ ಮಟ್ಟಕ್ಕೆ ಬಗ್ಗಿದರೆ ಅಮೋನಿಯಾ ಕಣ್ಣು ಉರಿಸುತ್ತಿತ್ತು. ಹುಂಜನ ಜುಟ್ಟಿನ ಎರಡು ಮೊನೆ ಆಗಲೇ ಬೂದು ಬಣ್ಣಕ್ಕೆ ತಿರುಗಿದ್ದವು. ಮೈನಸ್ 8ಕ್ಕೇ ಹೀಗಾದರೆ ಮೈನಸ್ 25ಕ್ಕೆ ಏನು ಗತಿ?

ನೀರಿನ ಲೆಕ್ಕ

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಗರಿ ಉಬ್ಬಿಸಿಕೊಂಡು ಕೂತರೆ ಒಣ ಚಳಿಯನ್ನು ಆರಾಮಾಗಿ ತಡೆದುಕೊಳ್ಳುತ್ತದೆ. ತೊಂದರೆ ಇರುವುದು ಗರಿ ಇಲ್ಲದ ಕಡೆ: ಜುಟ್ಟು, ಗಲ್ಲದ ಜೋಲು, ಕಾಲ್ಬೆರಳು. ಅಲ್ಲಿ ತೇವ ಕೂತರೆ ಚರ್ಮ ಬೇಗ ಬಿಸಿ ಕಳೆದುಕೊಂಡು ಹೆಪ್ಪುಗಟ್ಟುತ್ತದೆ. ಒಣ ಗೂಡಿನಲ್ಲಿ ಮೈನಸ್ 20 ತಡೆಯುವ ಕೋಳಿಗೆ ಒದ್ದೆ ಗೂಡಿನಲ್ಲಿ ಮೈನಸ್ 5 ಸಾಕು ಜುಟ್ಟು ಕಳೆದುಕೊಳ್ಳಲು.

ಹಾಗಾದರೆ ಈ ತೇವ ಎಲ್ಲಿಂದ ಬರುತ್ತದೆ? ಮಳೆಯಿಲ್ಲ, ಚಾವಣಿ ಸೋರುತ್ತಿಲ್ಲ. ಕೋಳಿಗಳೇ ತರುತ್ತವೆ. ಒಂದು ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಎಂಟಕ್ಕೆ ಎರಡು ಲೀಟರ್. ಮೊಟ್ಟೆಯಲ್ಲಿ ಹೋಗುವುದು ಸ್ವಲ್ಪ. ಉಳಿದದ್ದೆಲ್ಲ ಉಸಿರಲ್ಲಿ, ಹಿಕ್ಕೆಯಲ್ಲಿ ಹೊರಗೆ ಬರಬೇಕು. ಹಸಿ ಹಿಕ್ಕೆಯ ಮುಕ್ಕಾಲು ಪಾಲು ನೀರೇ. ಚಳಿಗಾಲದ ರಾತ್ರಿ ಉದ್ದ, ಹೊರಗೆ ಹಿಮ, ಆದ್ದರಿಂದ ಇದರಲ್ಲಿ ಬಹುಪಾಲು ಗೂಡಿನೊಳಗೇ ಬೀಳುತ್ತದೆ.

ಇನ್ನೊಂದು ಕಡೆಯ ಲೆಕ್ಕ ನೋಡಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿಯಬಲ್ಲದು. ಸೊನ್ನೆ ಡಿಗ್ರಿಗೆ ಬಂದರೆ ಐದು ಗ್ರಾಮೂ ಇಲ್ಲ. ಮೈನಸ್ 20ಕ್ಕೆ ಒಂದು ಗ್ರಾಂ ಆಸುಪಾಸು. ನನ್ನ ಗೂಡಿನಲ್ಲಿರುವ ಗಾಳಿ ಸುಮಾರು ಎಂಟು ಘನ ಮೀಟರ್. ಅಂದರೆ ಒಳಗೆ ಸೊನ್ನೆ ಡಿಗ್ರಿ ಇದ್ದಾಗ ಇಡೀ ಗೂಡಿನ ಗಾಳಿ 40 ಗ್ರಾಂಗಿಂತ ಜಾಸ್ತಿ ನೀರು ಹೊರಲಾರದು. ಬರುತ್ತಿರುವುದೋ ಲೀಟರ್ ಲೆಕ್ಕದಲ್ಲಿ. ಅದರಲ್ಲಿ ಮುಕ್ಕಾಲು ಲೀಟರಷ್ಟೇ ಆವಿಯಾಗುತ್ತದೆ ಅಂದುಕೊಂಡರೂ, ಗೂಡಿನ ಗಾಳಿ ಗಂಟೆಗೆ ಒಂದು ಸಲವಾದರೂ ಪೂರ್ತಿ ಬದಲಾಗಬೇಕು. ಇಲ್ಲದಿದ್ದರೆ ಆವಿ ಹೋಗಿ ಕೂರುವುದು ತಣ್ಣಗಿರುವ ತಗಡಿನ ಮೇಲೆ, ಮೊಳೆಯ ಮೇಲೆ, ಜುಟ್ಟಿನ ಮೇಲೆ.

ಈ ಲೆಕ್ಕ ಆದ ಮೇಲೆ ಕೆಲಸದ ಪಟ್ಟಿ ತಾನಾಗಿಯೇ ಬಂತು. ಆವಿಗೆ ದಾರಿ ಬಿಡು. ಒಳಗೆ ಬೀಳುವ ನೀರನ್ನು ಆವಿಯಾಗುವ ಮೊದಲೇ ಎತ್ತಿ ಹಾಕು. ಕುಡಿಯುವ ನೀರನ್ನು ಗೂಡಿನಿಂದ ಹೊರಗಿಡು, ಆದರೆ ಗಡ್ಡೆಕಟ್ಟಲು ಬಿಡಬೇಡ.

ಮಾಡಿನಂಚು ಬಿಚ್ಚಿದ್ದು

ಮೊದಲ ಕೆಲಸ ಬಟ್ಟೆ, ಫೋಮ್ ಎಲ್ಲ ಕಿತ್ತು ಹಾಕುವುದು. ಇಲಿಗಳು ಅದರಲ್ಲಿ ಸಂಸಾರ ಹೂಡಿದ್ದವು. ಆಮೇಲೆ ಎರಡೂ ಉದ್ದ ಗೋಡೆಗಳ ತಲೆಯಲ್ಲಿ, ಜಂತೆಗಳ ನಡುವೆ ಹೊಡೆದಿದ್ದ ಅಡ್ಡ ಹಲಗೆಗಳನ್ನು ತೆಗೆದೆ. ಗೋಡೆಯ ಉದ್ದಕ್ಕೂ ಆರು ಇಂಚು ಎತ್ತರದ ಸಂದಿ ತೆರೆದುಕೊಂಡಿತು. ಎಂಟಡಿ ಉದ್ದ, ಅರ್ಧ ಅಡಿ ಎತ್ತರ: ಒಂದು ಬದಿಗೆ ನಾಲ್ಕು ಚದರಡಿ, ಎರಡೂ ಸೇರಿ ಎಂಟು. ಕೋಳಿಗೊಂದು ಚದರಡಿ ಗಾಳಿಕಿಂಡಿ ಅನ್ನುವುದು ಚಳಿನಾಡಿನಲ್ಲಿ ಕೋಳಿ ಸಾಕುವವರ ಹಳೆಯ ಅಂದಾಜು. ಕಾಗದದ ಮೇಲೆ ಸರಿ ಅನ್ನಿಸುತ್ತದೆ. ಅಷ್ಟು ದೊಡ್ಡ ಸಂದಿಯನ್ನು ಕಣ್ಣಾರೆ ನೋಡಿದಾಗ ಮಾತ್ರ ಎದೆ ಝಲ್ ಎನ್ನುತ್ತದೆ. ಆದರೂ ಬಿಡಿ. ನೂರು ವರ್ಷದ ಹಿಂದೆ ಒಂದು ಕಡೆ ಗೋಡೆಯನ್ನೇ ಕಟ್ಟದೆ ಬರೀ ಜಾಲರಿ ಹಾಕಿದ ಗೂಡುಗಳಲ್ಲಿ ಚಳಿಗಾಲ ಕಳೆಸಿದವರಿದ್ದಾರೆ.

ಸಂದಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹೊಡೆದೆ. ಷಟ್ಕೋನ ಕಣ್ಣಿನ ತೆಳ್ಳನೆಯ ಕೋಳಿಬಲೆ ಕೋಳಿಯನ್ನು ಒಳಗಿಡಲು ಸರಿ, ಬೇಟೆಗಾರರನ್ನು ಹೊರಗಿಡಲು ಸಾಲದು. ವೀಸಲ್ ಅನ್ನುವ ಪುಟ್ಟ ಪ್ರಾಣಿಗೆ ಒಂದು ಇಂಚಿನ ತೂತು ಸಾಕು. ಮೆಶ್ ಕೂರಿಸಲು ಸ್ಟೇಪಲ್ ಪಿನ್ ನೆಚ್ಚಿಕೊಳ್ಳಲಿಲ್ಲ. ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿದೆ. ಪ್ರತಿ ಸಂದಿಗೂ ಹೊರಗಡೆ ಕೀಲು ಹಾಕಿದ ಹಲಗೆ ಮುಚ್ಚಳ ಇದೆ. ಬಿರುಗಾಳಿ ಬಂದಾಗ ಗಾಳಿ ಹೊಡೆಯುವ ಬದಿಯದನ್ನು ಮಾತ್ರ ಇಳಿಸಬಹುದು. ಎರಡನ್ನೂ ಒಟ್ಟಿಗೆ ಮುಚ್ಚುವುದಿಲ್ಲ, ಎಂಥಾ ಚಳಿ ಬಂದರೂ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗಾಳಿ ತಲೆಯ ಮೇಲೆ ಓಡಾಡಬೇಕು, ಮೈಗೆ ಬಡಿಯಬಾರದು. ಗರಿಯ ಕೆಳಗೆ ಹಿಡಿದಿಟ್ಟ ಬಿಸಿಗಾಳಿಯನ್ನು ಒಂದು ಸಣ್ಣ ಕುಳಿರ್ಗಾಳಿಯೂ ಊದಿ ಹಾಕುತ್ತದೆ. ಕೋಳಿ ಕೂರುವ ಮಟ್ಟ ನೆಲದಿಂದ ಎರಡೂವರೆ ಅಡಿ. ಕೂತ ಕೋಳಿಯ ತಲೆ ನಾಲ್ಕಡಿಯೊಳಗೇ. ಕಿಂಡಿ ಐದೂವರೆ ಅಡಿಗೆ ಶುರು. ಸಾಕಾಗುತ್ತದಾ ಅಂತ ನೋಡಲು ಒಂದು ಮೆತ್ತನೆಯ ಪುಕ್ಕಕ್ಕೆ ನೂಲು ಕಟ್ಟಿ, ಕೂರುವ ಮಟ್ಟದಲ್ಲಿ ಅಲ್ಲಲ್ಲಿ ಇಳಿಬಿಟ್ಟೆ. ಹೊರಗೆ ಗಾಳಿ ಜೋರಾಗಿತ್ತು. ಕಿಂಡಿಯ ಹತ್ತಿರ ಹಿಡಿದರೆ ಪುಕ್ಕ ಹಾರಾಡುತ್ತದೆ, ಕೆಳಗಿಳಿಸುತ್ತಾ ಬಂದರೆ ತೂಕಡಿಸಿದ ಹಾಗೆ ನಿಲ್ಲುತ್ತದೆ. ಕೋಳಿ ಓಡಾಡುವ ಸಣ್ಣ ಬಾಗಿಲ ಪಕ್ಕದ ಮೂಲೆಯಲ್ಲಿ ಮಾತ್ರ ಅಡ್ಡಡ್ಡ ಎಳೆಯಿತು. ಆ ಬಾಗಿಲಿಗೆ ಒಳಗಿನಿಂದ ಒಂದು ಅಡ್ಡಗೋಡೆ ಹಲಗೆ ನಿಲ್ಲಿಸಿದೆ. ಪುಕ್ಕ ನಿಂತಿತು.

ಚಾವಣಿಗೆ ಶಾಖ ತಡೆ ಬೇಕೇ ಬೇಕು ಅಂತಿಲ್ಲ, ಆದರೆ ತಗಡು ಇದ್ದರೆ ಮಾಡುವುದು ಒಳ್ಳೆಯದು. ಮೊಳೆ ತುದಿಗಳನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ, ಜಂತೆಗಳ ನಡುವೆ ಒಂದು ಇಂಚಿನ ಗಟ್ಟಿ ಫೋಮ್ ಹಲಗೆ ಕೂರಿಸಿ, ಅಂಚಿಗೆಲ್ಲ ಟೇಪ್ ಹಚ್ಚಿ, ಮೇಲೆ ತೆಳು ಪ್ಲೈವುಡ್ ಹೊಡೆದೆ. ಪ್ಲೈವುಡ್ ಯಾಕೆ ಅಂದರೆ, ಕೋಳಿಗೆ ಫೋಮ್ ಕಂಡರೆ ತಿಂಡಿ ಕಂಡಷ್ಟೇ ಖುಷಿ. ಎಟುಕಿದರೆ ಕುಕ್ಕಿ ಕುಕ್ಕಿ ನುಂಗುತ್ತವೆ. ಗೋಡೆಗಳನ್ನು ಹಾಗೇ ಬಿಟ್ಟೆ.

ಫಲ ಬೇಗ ಗೊತ್ತಾಯಿತು. ಮೈನಸ್ 15ರ ರಾತ್ರಿ ಕಳೆದು ಬೆಳಿಗ್ಗೆ ಕೈ ಸವರಿದರೆ ಪ್ಲೈವುಡ್ ಒಣಗಿತ್ತು. ಕಿಟಕಿಯ ಕೆಳ ಅಂಚಿನಲ್ಲಿ ಮಾತ್ರ ಒಂದು ಬೆರಳಗಲ ಹಿಮ. ಒಳಗಿನ ಉಷ್ಣತೆ ಹೊರಗಿಗಿಂತ ಮೂರು ನಾಲ್ಕು ಡಿಗ್ರಿ ಮಾತ್ರ ಜಾಸ್ತಿ ಇರುತ್ತದೆ. ಅಷ್ಟೇ ಇರಲಿ. ತೇವ ಅಳೆಯುವ ಮೀಟರ್ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಹೊರಗಿನ ಗಾಳಿಯೇ ಎಷ್ಟೋ ಸಲ ಶೇಕಡ 80, 90 ತೋರಿಸುತ್ತದೆ. ಆದ್ದರಿಂದ ಒಳಗೆ ಇಷ್ಟೇ ಇರಬೇಕು ಅಂತ ಒಂದು ಸಂಖ್ಯೆ ಹಿಡಿದು ಕೂತರೆ ತಲೆ ಕೆಡುತ್ತದೆ. ಒಂದೇ ಥರದ ಎರಡು ಮೀಟರ್ ಒಳಗೊಂದು ಹೊರಗೊಂದು ಇಟ್ಟು, ಎರಡರ ನಡುವಿನ ವ್ಯತ್ಯಾಸ ನೋಡಿ. ಇಲ್ಲವಾದರೆ ಮೂಗು ಮತ್ತು ಕಿಟಕಿ ಗಾಜು ಇದ್ದೇ ಇವೆ ಅಲ್ವಾ?

ಲ್ಯಾಂಪ್ ಇಳಿಸಿದ್ದು

ಹೀಟ್ ಲ್ಯಾಂಪ್ ತೆಗೆದದ್ದಕ್ಕೆ ಮನೆಯಲ್ಲಿ ಸ್ವಲ್ಪ ವಾದ ಆಯಿತು. ನನ್ನ ಪಕ್ಷ ಹೀಗೆ. ಒಂದು, ಬೆಂಕಿ. ಕೋಳಿಗೂಡು ಅಂದರೆ ಒಣ ಮರದ ತರಿ, ಪುಕ್ಕ, ನುಣ್ಣನೆ ಧೂಳು. ಅದರ ನಡುವೆ 250 ವ್ಯಾಟ್‌ನ ಸುಡುವ ಬಲ್ಬು, ಮೇಲೆ ಹಾರಿ ಕೂರುವ ಕೋಳಿ. ಚಳಿಗಾಲದಲ್ಲಿ ಗೂಡುಗಳು ಸುಟ್ಟುಹೋಗಲು ಇದು ತೀರಾ ಸಾಮಾನ್ಯ ಕಾರಣ. ಎರಡು, ಕರೆಂಟು. ಲ್ಯಾಂಪಿನ ಬಿಸಿಗೆ ಒಗ್ಗಿದ ಕೋಳಿಗೆ ಮೈ ತುಂಬ ಗರಿ ಇದ್ದರೂ ಚಳಿಯ ರೂಢಿ ಇರುವುದಿಲ್ಲ. ಹಿಮಗಾಳಿಯ ರಾತ್ರಿ ಕರೆಂಟು ಹೋದರೆ ಒಂದೇ ಏಟಿಗೆ ಇಪ್ಪತ್ತು ಡಿಗ್ರಿ ಇಳಿದಂತೆ. ಮೂರು, ಒದ್ದೆ ಹಾಸಿನ ಮೇಲೆ ಬಿಸಿ ಬಿಟ್ಟರೆ ಆವಿ ಇನ್ನೂ ಜಾಸ್ತಿ ಏಳುತ್ತದೆ. ಕೋಳಿಯೊಂದೊಂದೂ ಹತ್ತು ವ್ಯಾಟ್ ಆಸುಪಾಸಿನ ಹೀಟರೇ. ಎಂಟು ಒತ್ತಿ ಕೂತರೆ ಅವುಗಳ ನಡುವೆ ಸಾಕಷ್ಟು ಬೆಚ್ಚಗಿರುತ್ತದೆ.

ನಡುಚಳಿಗಾಲದಲ್ಲಿ ಒಮ್ಮೆಲೇ ತೆಗೆಯುವುದು ಬೇರೆ ಮಾತು. ಆಗ ಲ್ಯಾಂಪ್ ಉರಿಯುವ ಹೊತ್ತನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬರಬೇಕು. ನಾನೂ ಹಾಗೇ ಇಳಿಸಿದೆ. ಮರಿಗಳು, ಕಾಯಿಲೆ ಕೋಳಿ, ಗರಿ ಉದುರಿ ಬರಿಮೈ ಆದದ್ದು, ಇವಕ್ಕೆ ಬಿಸಿ ಬೇಕಾಗಬಹುದು. ಅದಕ್ಕೆ ಮುಟ್ಟಿದರೂ ಸುಡದ ಚಪ್ಪಟೆ ಪ್ಯಾನೆಲ್ ಹೀಟರ್ ವಾಸಿ.

ಕೂರುವ ಪಟ್ಟಿ, ಹಿಕ್ಕೆ ಹಲಗೆ, ಹಾಸು

ಹಳೇ ಗೂಡಿನಲ್ಲಿ ದುಂಡನೆ ಕೋಲು ಇತ್ತು. ಕೋಳಿ ಅದನ್ನು ಬೆರಳಿನಿಂದ ಸುತ್ತಿ ಹಿಡಿದು ಕೂರುತ್ತದೆ, ಬೆರಳ ತುದಿ ಹೊರಗೆ ಚಾಚಿರುತ್ತದೆ. ಅದನ್ನು ತೆಗೆದು, ಎರಡು ಇಂಚು ದಪ್ಪ ನಾಲ್ಕು ಇಂಚು ಅಗಲದ ಪಟ್ಟಿಯನ್ನು ಅಗಲ ಬದಿ ಮೇಲಾಗಿ ಕೂರಿಸಿದೆ. ಅಂಚುಗಳನ್ನು ಉಜ್ಜಿ ನುಣುಪು ಮಾಡಿದೆ. ಈಗ ಪಾದ ಚಪ್ಪಟೆಯಾಗಿ ನಿಲ್ಲುತ್ತದೆ. ಕೋಳಿ ಕುಕ್ಕರಿಸಿದರೆ ಹೊಟ್ಟೆಯ ಗರಿ ಬೆರಳನ್ನೆಲ್ಲ ಮುಚ್ಚುತ್ತದೆ. ರಾತ್ರಿ ಟಾರ್ಚ್ ಹಾಕಿ ನೋಡಿದೆ: ಎಂಟರಲ್ಲಿ ಒಂದರ ಬೆರಳೂ ಕಾಣಲಿಲ್ಲ. ಒಂದಕ್ಕೆ ಹತ್ತು ಇಂಚಿನ ಲೆಕ್ಕದಲ್ಲಿ ಎಂಟಡಿ ಪಟ್ಟಿ ಧಾರಾಳ. ಆದರೆ ಅವು ಅರ್ಧ ಪಟ್ಟಿಯಲ್ಲೇ ಒತ್ತಿಕೊಂಡು ಕೂತು ಉಳಿದರ್ಧ ಖಾಲಿ ಬಿಡುತ್ತವೆ.

ಪಟ್ಟಿಯ ಕೆಳಗೆ ಒಂದೂವರೆ ಅಡಿ ಅಗಲದ ಹಲಗೆ. ಈ ಇಡೀ ರಿಪೇರಿಯಲ್ಲಿ ಅಗ್ಗವಾಗಿ ಹೆಚ್ಚು ಕೆಲಸ ಕೊಟ್ಟದ್ದು ಇದೇ ಅನ್ನುತ್ತೇನೆ. ಉದ್ದ ರಾತ್ರಿಯ ಹಿಕ್ಕೆಯೆಲ್ಲ ಇದರ ಮೇಲೆ ಬೀಳುತ್ತದೆ. ಬೆಳಗಾಗುವ ಹೊತ್ತಿಗೆ ಕಲ್ಲಾಗಿರುತ್ತದೆ. ಗಾರೆ ಕೆಲಸದ ಪಟ್ಟಿಯಿಂದ ಒಮ್ಮೆ ಎಳೆದರೆ ಟಣ್ ಟಣ್ ಅಂತ ಬಕೆಟ್ಟಿಗೆ ಬೀಳುತ್ತದೆ, ವಾಸನೆಯೂ ಇಲ್ಲ. ನೀರು ಗಡ್ಡೆಯ ರೂಪದಲ್ಲೇ ಗೂಡು ಬಿಟ್ಟು ಹೋಯಿತು, ಆವಿಯಾಗಲು ಅವಕಾಶವೇ ಸಿಗಲಿಲ್ಲ. ಮಧ್ಯಾಹ್ನ ಬಿಸಿಲು ಬೀಳುವ ಮೊದಲು ಮುಗಿಸಬೇಕು, ಅಷ್ಟೇ.

ನೆಲಕ್ಕೆ ಡೀಪ್ ಲಿಟರ್, ಅಂದರೆ ಆಗಾಗ ಎತ್ತಿ ಹಾಕದೆ ಮೇಲೆ ಮೇಲೆ ಸೇರಿಸುತ್ತಾ ಹೋಗುವ ದಪ್ಪ ಹಾಸು. ಹಳೇ ಒದ್ದೆ ಹಾಸನ್ನು ಪೂರ್ತಿ ಎತ್ತಿ, ನೆಲ ಒಣಗಿಸಿ, ಪೈನ್ ಮರದ ತರಿ ಆರು ಇಂಚು ಹರಡಿದೆ. ಮೇಲಿಂದ ಮೇಲೆ ಸೇರಿಸುತ್ತಾ ಚಳಿಗಾಲ ಮುಗಿಯುವಷ್ಟರಲ್ಲಿ ಒಂದು ಅಡಿಗೆ ಬರುತ್ತದೆ. ಸೀಡರ್ ಮರದ ತರಿ ಬೇಡ, ಅದರ ಘಾಟು ಕೋಳಿಯ ಉಸಿರಾಟಕ್ಕೆ ಒಳ್ಳೆಯದಲ್ಲ. ಹಾಸು ಹೊರಗೆ ಚೆಲ್ಲದ ಹಾಗೆ ಬಾಗಿಲಿಗೆ ಹೊಸ್ತಿಲಂತೆ ಹತ್ತು ಇಂಚಿನ ಹಲಗೆ ಅಡ್ಡ ಹೊಡೆದೆ. ಸಂಜೆ ಒಂದು ಹಿಡಿ ಜೋಳ ಎರಚಿದರೆ ಕೋಳಿಗಳೇ ಕೆದಕಿ ಕೆದಕಿ ಹಾಸನ್ನು ತಿರುವುತ್ತವೆ. ತುಂಬಿದ ಹೊಟ್ಟೆ ರಾತ್ರಿಯಿಡೀ ಜೀರ್ಣವಾಗುತ್ತಾ ಮೈ ಬೆಚ್ಚಗಿಡುತ್ತದೆ, ಅದು ಬೇರೆ ಲಾಭ. ಹಾಸು ಸರಿ ಇದೆಯಾ ಅಂತ ತಿಳಿಯಲು ಒಂದು ಮುಷ್ಟಿ ಹಿಂಡಿ ನೋಡುತ್ತೇನೆ. ಕೈ ಬಿಚ್ಚಿದಾಗ ಉದುರಿ ಹೋಗಬೇಕು. ಉಂಡೆಯಾಗಿ ನಿಂತರೆ ಒಣ ತರಿ ಸೇರಿಸುವ ಹೊತ್ತು.

ಡೀಪ್ ಲಿಟರ್ ಕೊಳೆಯುತ್ತಾ ತಾನೇ ಬಿಸಿಯಾಗಿ ಗೂಡು ಬೆಚ್ಚಗಿಡುತ್ತದೆ ಅಂತ ಹೇಳುವವರಿದ್ದಾರೆ. ಇಷ್ಟು ಚಿಕ್ಕ ಗೂಡಿನಲ್ಲಿ, ಕಂಬದ ಮೇಲೆ ನಿಂತ ನೆಲದಲ್ಲಿ ನಾನು ಅದನ್ನು ನಂಬಿ ಕೂರುವುದಿಲ್ಲ. ಕಡು ಚಳಿಯಲ್ಲಿ ಕೊಳೆಯುವ ಕೆಲಸವೇ ಹೆಚ್ಚುಕಡಿಮೆ ನಿಂತುಹೋಗುತ್ತದೆ. ತೇವ ಹೀರುವುದು, ಪಾದಕ್ಕೆ ತಣ್ಣನೆ ಹಲಗೆ ತಾಗದ ಹಾಗೆ ಮಾಡುವುದು, ಇಷ್ಟು ಮಾಡಿದರೆ ಅದರ ಕೂಲಿ ಸಂದಿತು.

ಕುಡಿಯುವ ನೀರು

ನೀರು ನಿಂತರೆ ಮೊಟ್ಟೆ ನಿಂತಂತೆ. ಮೊಟ್ಟೆಯ ಮುಕ್ಕಾಲು ಭಾಗ ನೀರು, ಒಣ ಮೇವು ತಿನ್ನಲೂ ನೀರು ಬೇಕು. ಹಿಮ ತಿಂದುಕೊಳ್ಳಲಿ ಅಂತ ಬಿಡುವುದು ಸರಿಯಲ್ಲ. ಮೈಬಿಸಿಯನ್ನೇ ಖರ್ಚು ಮಾಡಿ ಹಿಮ ಕರಗಿಸಬೇಕಾಗುತ್ತದೆ.

ಮೊದಲು ಗೂಡಿನೊಳಗೆ ತೆರೆದ ತಟ್ಟೆ ಇತ್ತು. ಎರಡು ಕಾರಣಕ್ಕೆ ಅದು ಬೇಡ. ತಟ್ಟೆಯಿಂದ ಆವಿ ಏಳುತ್ತದೆ, ಚೆಲ್ಲಿದರೆ ಹಾಸು ಕೆಟ್ಟಿತು. ಹುಂಜ ಕುಡಿಯಲು ಬಗ್ಗಿದರೆ ಗಲ್ಲದ ಜೋಲು ನೀರಲ್ಲಿ ಅದ್ದುತ್ತದೆ, ಹೊರಗೆ ಬಂದರೆ ಹೆಪ್ಪುಗಟ್ಟುತ್ತದೆ. ಈಗ 19 ಲೀಟರ್‌ನ ಮುಚ್ಚಳದ ಬಕೆಟ್ಟಿಗೆ ಪಕ್ಕದಿಂದ ಮೂರು ಅಡ್ಡ ನಿಪ್ಪಲ್ (ಕೋಳಿ ಕುಕ್ಕಿದರೆ ಹನಿ ಬಿಡುವ ಪುಟ್ಟ ನಳಿಕೆ) ಕೂರಿಸಿ, ಗೂಡಿಗೆ ಅಂಟಿಕೊಂಡ ಮುಚ್ಚಿದ ಅಂಗಳದಲ್ಲಿ ಕಲ್ಲಿನ ಮೇಲೆ ಇಟ್ಟಿದ್ದೇನೆ. ತಳದಲ್ಲಿ ಥರ್ಮೋಸ್ಟಾಟ್ ಇರುವ ಮುಳುಗು ಹೀಟರ್. ಕೆಳಮುಖದ ನಿಪ್ಪಲ್ ತೊಟ್ಟಿಕ್ಕಿ ಅದರ ತುದಿಯಲ್ಲೇ ಗಡ್ಡೆ ಕಟ್ಟುತ್ತದೆ. ಅಡ್ಡ ನಿಪ್ಪಲ್‌ನ ಹಿಂಭಾಗ ಬಕೆಟ್ಟಿನ ಬೆಚ್ಚನೆ ನೀರಲ್ಲೇ ಇರುವುದರಿಂದ ಜಾಸ್ತಿ ಚಳಿ ತಡೆಯುತ್ತದೆ. ಬಕೆಟ್ಟಿನ ಸುತ್ತ ಫೋಮ್ ಸುತ್ತಿ, ಕೋಳಿ ಕುಕ್ಕದಂತೆ ಮೇಲೆ ತಗಡು ಹೊದಿಸಿದೆ.

ನಿಪ್ಪಲ್ ಕಲಿಸುವುದು ಕಷ್ಟವಿಲ್ಲ. ಒಂದು ಹೇಟೆಯ ಎದುರು ಬೆರಳಿಂದ ಒತ್ತಿ ಹನಿ ತೋರಿಸಿದೆ. ಅದು ಕುಕ್ಕಿತು, ಉಳಿದವು ಅದನ್ನು ನೋಡಿ ಕಲಿತವು. ಹುಂಜನಿಗೆ ಮಾತ್ರ ಸ್ವಲ್ಪ ಬಿಗುಮಾನ.

ಮೈನಸ್ 20 ದಾಟಿದ ಮೇಲೆ ನಿಪ್ಪಲ್‌ನ ಹೊರಗಿನ ಕಡ್ಡಿ ಹಿಡಿದುಕೊಳ್ಳುತ್ತದೆ. ಅಂಥ ದಿನಕ್ಕೆ ಅಂತ ಒಂದು ದಪ್ಪ ರಬ್ಬರ್ ಬೋಗುಣಿ ಇದೆ. ಬಿಸಿನೀರು ತಂದು ಸುರಿಯುವುದು, ಗಡ್ಡೆ ಕಟ್ಟಿದರೆ ಬೋರಲು ಹಾಕಿ ತುಳಿಯುವುದು. ಗಡ್ಡೆ ಇಡಿಯಾಗಿ ಹೊರಗೆ ಬೀಳುತ್ತದೆ, ರಬ್ಬರ್ ಒಡೆಯುವುದಿಲ್ಲ. ವೈರಿಂಗ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ: ಹೊರಾಂಗಣದ ಕೇಬಲ್, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಅರ್ತ್ ಲೀಕೇಜ್ ಬ್ರೇಕರ್, ಜೋಡಣೆ ನೆಲದಿಂದ ಮೇಲೆ, ಪ್ಲಗ್ಗಿಗೆ ಮೊದಲು ಕೇಬಲ್ ಕೆಳಗೆ ಬಾಗಿ ಮೇಲೇರಬೇಕು, ಹನಿ ಅಲ್ಲೇ ಉದುರಿ ಹೋಗುವಂತೆ.

ಉಳಿದ ಚಿಲ್ಲರೆ ಕೆಲಸ

ಅಂಗಳದ ಗಾಳಿ ಬದಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿದೆ, ಮೇಲಿನ ಒಂದು ಅಡಿ ಬಿಟ್ಟು. ಹಿಮದ ಮೇಲೆ ಕಾಲಿಡಲು ಕೋಳಿಗಳಿಗೆ ಇಷ್ಟವಿಲ್ಲ, ಹುಲ್ಲು ಹರಡಿದರೆ ಹೊರಗೆ ಬರುತ್ತವೆ. ಎಷ್ಟು ಹೊತ್ತು ಹೊರಗಿರುತ್ತವೋ ಅಷ್ಟು ಹಿಕ್ಕೆ ಗೂಡಿನೊಳಗೆ ಕಡಿಮೆ. ಒಂದು ಮೂಲೆಯಲ್ಲಿ ಒಣ ಮರಳಿನ ಪೆಟ್ಟಿಗೆ, ಧೂಳಿನ ಸ್ನಾನಕ್ಕೆ. ಬಾಗಿಲ ಆಟೋಮ್ಯಾಟಿಕ್ ಮೋಟರ್‌ಗೆ ಲಿಥಿಯಂ ಸೆಲ್ ಹಾಕಿದೆ, ಸಾಮಾನ್ಯ ಆಲ್ಕಲೈನ್ ಸೆಲ್ ಚಳಿಗೆ ಸೊರಗುತ್ತದೆ.

ಮೊಟ್ಟೆಗಾಗಿ ದೀಪ ಹಾಕಲಿಲ್ಲ. ಹಾಕಿದರೆ ತಪ್ಪೇನಿಲ್ಲ. ದಿನದ ಬೆಳಕು 14 ಗಂಟೆಗಿಂತ ಕಡಿಮೆಯಾದರೆ ಇಡುವುದು ಇಳಿಯುತ್ತದೆ, ಬೆಳಗಿನ ಜಾವ ಒಂದು ಸಣ್ಣ ಎಲ್‌ಇಡಿ ಉರಿಸಿ ಅದನ್ನು ತುಂಬಿಕೊಡಬಹುದು. ಸಂಜೆಗೆ ಬೇಡ, ದೀಪ ತಟ್ಟನೆ ಆರಿದರೆ ಕತ್ತಲಲ್ಲಿ ಕೂರುವ ಪಟ್ಟಿ ಸಿಗದೆ ಪರದಾಡುತ್ತವೆ. ನನ್ನವು ಗರಿ ಉದುರಿಸಿ ಹೊಸದು ಹಾಕಿಕೊಂಡಿದ್ದಷ್ಟೇ. ವಿಶ್ರಾಂತಿ ತೆಗೆದುಕೊಳ್ಳಲಿ ಅಂತ ಬಿಟ್ಟೆ.

ಹುಂಜನ ಜುಟ್ಟಿನ ಎರಡು ಮೊನೆ ಕಪ್ಪಾಗಿ ಒಣಗಿ ನಿಂತಿವೆ. ಹೆಪ್ಪುಗಟ್ಟಿದ ಜುಟ್ಟನ್ನು ತಿಕ್ಕಬಾರದು, ಹೇರ್ ಡ್ರೈಯರ್ ಹಿಡಿಯಬಾರದು, ಕಪ್ಪು ಭಾಗವನ್ನು ಕತ್ತರಿಸಬಾರದು. ಕೆಳಗಿನ ಚರ್ಮವನ್ನು ಅದೇ ಕಾಯುತ್ತದೆ, ಕಾಲ ಬಂದಾಗ ಉದುರುತ್ತದೆ. ವ್ಯಾಸಲೀನ್ ಹಚ್ಚುವವರಿದ್ದಾರೆ. ಒದ್ದೆ ಗೂಡಿಗೆ ಅದು ಮದ್ದಲ್ಲ, ಒಣ ಗೂಡಿಗೆ ಅಗತ್ಯ ಇಲ್ಲ. ಗಾಳಿ ಬಿಚ್ಚಿದ ಮೇಲೆ ಹೊಸದಾಗಿ ಯಾವ ಮೊನೆಯೂ ಬೂದಾಗಿಲ್ಲ.

ಮುಂದೆ ಕೋಳಿ ತರುವಾಗ ಜುಟ್ಟು ನೋಡಿಯೇ ತರುತ್ತೇನೆ. ಲೆಗ್‌ಹಾರ್ನ್‌ನಂಥ ದೊಡ್ಡ ಒಂಟಿ ಜುಟ್ಟಿಗೆ ಇಲ್ಲಿ ಕಷ್ಟ. ವೈಯಾಂಡಾಟ್‌ನ ಜುಟ್ಟು ತಲೆಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತದೆ. ಷಾಂಟೆಕ್ಲೇರ್ ತಳಿಯಂತೂ ಇದಕ್ಕೇ ಹುಟ್ಟಿದ್ದು. ಕೆನಡಾದ ಕ್ವಿಬೆಕ್‌ನ ಓಕಾ ಮಠದಲ್ಲಿ ಬ್ರದರ್ ವಿಲ್ಫ್ರಿಡ್ ಶಾತಲಾನ್ ಎಂಬ ಸನ್ಯಾಸಿ, ಜುಟ್ಟು ಮತ್ತು ಜೋಲು ಹೆಸರಿಗಷ್ಟೇ ಇರುವ, ಚಳಿಗಾಲದಲ್ಲೂ ಇಡುವ ಕೋಳಿ ಬೇಕು ಅಂತ ವರ್ಷಗಟ್ಟಲೆ ತಳಿ ಬೆರೆಸಿದರು. 1921ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಅದಕ್ಕೆ ಮಾನ್ಯತೆ ಕೊಟ್ಟಿತು.

ಇನ್ನು ಬಾಕಿ ಇರುವುದು ಮೊಟ್ಟೆ ಪೆಟ್ಟಿಗೆ. ಗೋಡೆಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಇಡೀ ಗೂಡಿನಲ್ಲಿ ಅದೇ ತಣ್ಣನೆ ಜಾಗ. ಕಡು ಚಳಿಯ ದಿನ ಎತ್ತಿಕೊಳ್ಳಲು ತಡವಾದರೆ ಮೊಟ್ಟೆ ಹೆಪ್ಪುಗಟ್ಟಿ ಉದ್ದಕ್ಕೂ ಸೀಳುತ್ತದೆ. ಸೀಳಿದ್ದನ್ನು ತಿನ್ನಲು ಇಟ್ಟುಕೊಳ್ಳುವುದಿಲ್ಲ. ಅಲ್ಲಿ ಮಾತ್ರ ಸಂದಿ ಮುಚ್ಚುವುದೇ ಸರಿ: ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ, ತಳಕ್ಕೆ ಫೋಮ್, ಮೇಲೆ ಪ್ಲೈವುಡ್, ಒಳಗೆ ದಪ್ಪ ಹುಲ್ಲು, ಗೂಡಿನ ಬದಿಯ ಬಾಯಿಗೆ ಸೀಳಿದ ಗೋಣಿಯ ಪರದೆ. ಪ್ಲೈವುಡ್ ತುಂಡು ಕತ್ತರಿಸಿ ಇಟ್ಟಾಗಿದೆ. ಅಂಟು ಹಿಡಿಯಬೇಕಾದರೆ ಹೊರಗೆ ಐದು ಡಿಗ್ರಿಯಾದರೂ ಇರಬೇಕು, ಅದಕ್ಕೆ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಮಧ್ಯಾಹ್ನ ಒಂದು ಸಲ ಜಾಸ್ತಿ ಹೋಗಿ ಬರುವುದು.